ವೆಂಡೆಲನ ಹಲ್ಲು

ಎಲ್ಲಕ್ಕೂ ಕಾರಣ ಒಂದು ಪೀಚ್ ಹಣ್ಣಿನ ಬೀಜ. ನೆಬ್ರಾಸ್ಕಾದ ಒಂದು ಪುಟ್ಟ ಊರಿನ ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದ ವೆಂಡೆಲ್ ಅದನ್ನು ಕಡಿದು ಮುಂದಿನ ಹಲ್ಲು ಮುರಿದುಕೊಂಡ. ಮರುದಿನವೇ ಅವನ ಭಾಷಣ. ಹಲ್ಲಿನ ಡಾಕ್ಟರ ಬಳಿಗೆ ಓಡಿದ. ಅವರು ಮುರಿದ ಹಲ್ಲಿಗೆ ಚಿನ್ನದ ಕವಚ ತೊಡಿಸಿ ಕಳಿಸಿದರು. ತಾನು ಮಾಡಬೇಕಾದ ಭಾಷಣ ಚಿನ್ನದ ವಿರುದ್ಧ ಎಂಬುದು ಬಡಪಾಯಿಗೆ ನೆನಪಾದದ್ದು ಕನ್ನಡಿ ನೋಡಿಕೊಂಡ ಮೇಲೆ.

ಅದು 1896ರ ಬೇಸಿಗೆ. ಚಿನ್ನವೊಂದೇ ಹಣವೆಂದು ರೈತರನ್ನು ಶಿಲುಬೆಗೇರಿಸಬೇಡಿ, ಬೆಳ್ಳಿ ನಾಣ್ಯಕ್ಕೂ ಅದೇ ಮಾನ ಕೊಡಿ ಎಂದು ನಾಯಕನೊಬ್ಬ ಶಿಕಾಗೋದಲ್ಲಿ ಗುಡುಗಿದ್ದೇ ತಡ, ಊರೂರಲ್ಲೂ ಬೆಳ್ಳಿ ಸಂಘಗಳು ಹುಟ್ಟಿಕೊಂಡಿದ್ದವು. ಇಲ್ಲಿಯ ಸಂಘದ ಅಧ್ಯಕ್ಷ ಜಾಸ್ಪರ್ ಹ್ಯಾಸ್ಕೆಲ್, ಚಿನ್ನದ ಗಡಿಯಾರ ಇಟ್ಟುಕೊಂಡವರ ಜೊತೆ ಮಾತನ್ನೇ ಬಿಟ್ಟಿದ್ದ. ಸಂಘದ ವನಭೋಜನದಲ್ಲಿ ಆ ನಾಯಕನ ಭಾಷಣವನ್ನು ಬಾಯಿಪಾಠ ಒಪ್ಪಿಸಿ ಜನರನ್ನು ಅಳಿಸಿದರೆ ಮಗಳು ಕೋರಾಳನ್ನು ಕೊಡುತ್ತೇನೆ ಎಂದು ವೆಂಡೆಲನಿಗೆ ಮಾತು ಕೊಟ್ಟಿದ್ದ. ಹುಡುಗ ತಿಂಗಳಿಡೀ ಲಾಯದ ಕುದುರೆಗಳ ಮುಂದೆ ಕೈ ಬೀಸಿ ಅಭ್ಯಾಸ ಮಾಡಿದ್ದ.

ವನಭೋಜನದ ಬೆಳಿಗ್ಗೆ ಅಂಗಡಿಯಲ್ಲಿ ತುಟಿ ಬಿಗಿದು ನಿಂತ. ಅಷ್ಟರಲ್ಲಿ ಕೋರಾ ನಿಂಬೆಹಣ್ಣಿಗೆ ಬಂದಳು. ಅವಳನ್ನು ಕಂಡರೆ ವೆಂಡೆಲನ ತುಟಿ ಅವನ ಮಾತು ಕೇಳುತ್ತಿರಲಿಲ್ಲ. ನಕ್ಕ, ತಕ್ಷಣ ಬಾಯಿ ಮುಚ್ಚಿದ. ಅವಳೂ ನಕ್ಕು ಹೊರಟುಹೋದಳು. ಹಲ್ಲು ಕಂಡಿತೋ ಇಲ್ಲವೋ, ದೇವರಿಗೇ ಗೊತ್ತು.

ಅವನು ಬಾಯಿ ಬಿಡದ್ದು ಊರಿಗೆಲ್ಲ ಕುತೂಹಲವಾಯಿತು. ಪಕ್ಕದ ಮನೆಯ ವಿಧವೆ ಮಿಸೆಸ್ ಗ್ರಬ್, ಗಂಟಲು ಕೆಟ್ಟಿದೆ ಎಂದು ತೀರ್ಮಾನಿಸಿ ಅವನ ಕುತ್ತಿಗೆಗೆ ಈರುಳ್ಳಿ ಕಟ್ಟಿದಳು. ಕ್ಷೌರಿಕ ಬಂದು, ಭಯಕ್ಕೆ ನಾಲಿಗೆ ಸೇದಿಹೋಗಿದೆ ಎಂದು ವಿಸ್ಕಿ ಕುಡಿಸಲು ನೋಡಿದ. ಇಬ್ಬರೂ ಬಾಯಿ ತೆಗೆ ಎಂದು ಗಲ್ಲ ಹಿಡಿದಾಗ ವೆಂಡೆಲ್ ಉಗ್ರಾಣಕ್ಕೆ ನುಗ್ಗಿ ಅಗಳಿ ಹಾಕಿಕೊಂಡ. ಅಲ್ಲಿ ಹೊಗೆಸೊಪ್ಪಿನ ಪೊಟ್ಟಣಗಳಿದ್ದವು, ಒಂದೊಂದಕ್ಕೂ ತವರದ ತೆಳು ಹಾಳೆ ಸುತ್ತಿತ್ತು. ಒಂದು ಚೂರು ಹರಿದು ಹಲ್ಲಿಗೆ ಒತ್ತಿದ. ಥಳಥಳ ಬೆಳ್ಳಿ!

ವನಭೋಜನದಲ್ಲಿ ಹದಿನಾರು ಹುಡುಗಿಯರು ಬಿಳಿ ಉಡುಪಿನಲ್ಲಿ, ಒಬ್ಬಳು ಹಳದಿಯಲ್ಲಿ ಮೆರವಣಿಗೆ ಬಂದರು. ಹದಿನಾರು ತೂಕ ಬೆಳ್ಳಿಗೆ ಒಂದು ತೂಕ ಚಿನ್ನ ಸಮ, ಅದು ಸಂಘದ ಲೆಕ್ಕ. ಎಲ್ಲರೂ ಬೇಡವೆಂದ ಹಳದಿಯನ್ನು ಕೋರಾ ತಾನೇ ಕೇಳಿ ಉಟ್ಟಿದ್ದಳು. ವೆಂಡೆಲ್ ಗುಡುಗಿದ. ಕೊನೆಗೆ ಶಿಲುಬೆಯಂತೆ ಕೈ ಚಾಚಿ ನಿಂತಾಗ ಬಿಸಿಲಿಗೆ ಹಲ್ಲು ಮಿಂಚಿತು. ಮಿಸೆಸ್ ಗ್ರಬ್ ಗೊಳೋ ಎಂದು ಅತ್ತಳು.

"ಹಲ್ಲೂ ಬೆಳ್ಳಿದೇ ಕಟ್ಟಿಸ್ಕೊಂಡಿದಾನೆ ನೋಡ್ರಯ್ಯಾ," ಎಂದು ಹ್ಯಾಸ್ಕೆಲ್ ಅವನನ್ನು ತಬ್ಬಿಕೊಂಡ. "ಇವನೇ ನನ್ನ ಅಳಿಯ."

ವೆಂಡೆಲ್ ತೇಲುತ್ತ ಕೋರಾಳ ಬಳಿಗೆ ಹೋದ. ಅವಳ ಮುಖ ಸಪ್ಪಗಿತ್ತು.

"ಬೆಳಿಗ್ಗೆ ನಿನ್ನ ಬಾಯಲ್ಲಿ ಚಿನ್ನ ನೋಡ್ದೆ," ಎಂದಳು. "ಅಪ್ಪನಿಗೆ ಹೆದರದೆ ಇರೋನು ಈ ಊರಲ್ಲಿ ಒಬ್ಬನಾದ್ರೂ ಇದಾನಲ್ಲ ಅಂತ ಖುಷಿಪಟ್ಟೆ. ಮೂರು ಹೊತ್ತೂ ಬೆಳ್ಳಿ ಪುರಾಣ ಕೇಳಿ ಸಾಕಾಗಿದೆ ನಂಗೆ. ನೀನೂ ಅದೇ ಭಜನೆಯೋನು."

ವೆಂಡೆಲ್ ಗಡಬಡಿಸಿ ಉಗುರಿನಿಂದ ತವರ ಕೆರೆದು ತೆಗೆದು, ಎರಡು ಕಿವಿಯವರೆಗೂ ಬಾಯಿ ಅಗಲಿಸಿ, "ಕೋರಾ, ಇಲ್ಲಿ ನೋಡು," ಎಂದ.

ಅವಳು ನೋಡಿದಳು. ಅಳಿಯನಿಗೆಂದು ಜೋಳದ ತಟ್ಟೆ ಹಿಡಿದು ಹಿಂದೆಯೇ ಬಂದಿದ್ದ ಹ್ಯಾಸ್ಕೆಲ್ ಕೂಡ ನೋಡಿದ.

"ಬೆಳಿಗ್ಗೆ ಚಿನ್ನ, ಮಧ್ಯಾಹ್ನ ಬೆಳ್ಳಿ, ಈಗ ಮತ್ತೆ ಚಿನ್ನ," ಎಂದಳು ಕೋರಾ. "ಸಂಜೆಗೇನು, ತಾಮ್ರಾನಾ? ನಡಿಯಪ್ಪಾ, ಮನೆಗೆ ಹೋಗೋಣ."

ಹ್ಯಾಸ್ಕೆಲ್ ಜೋಳದ ತಟ್ಟೆಯ ಸಮೇತ ಮಗಳ ಹಿಂದೆ ನಡೆದ. ಆ ಬೇಸಿಗೆಯಲ್ಲಿ ಅಪ್ಪ ಮಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.