ಸಿಟ್ಟಿನ ಫಾರಂ ಮತ್ತು ತಲೆಬಾಗಿಲು

ಗಂಡ ಹೆಂಡಿರ ಜಗಳವನ್ನು ಭೂಮಂಡಲದಿಂದಲೇ ನಿರ್ಮೂಲ ಮಾಡಬಲ್ಲ ಉಪಾಯವೊಂದನ್ನು ಹೋದ ತಿಂಗಳು ನಂಜನಗೂಡಿನಲ್ಲಿ ನಾನು ಕಂಡುಹಿಡಿದೆ. ಅದು ಹನ್ನೊಂದು ದಿನ ಬಾಳಿತು!

ನಾನು ಬಿ.ಎಸ್ಸಿ. ಕೆಮಿಸ್ಟ್ರಿ. ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಏನೇ ಎಡವಟ್ಟಾದರೂ ಯಾರೂ ಕೂಗಾಡುವಂತಿಲ್ಲ, ಫಾರಂ ತುಂಬಬೇಕು: ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಮಾಡುತ್ತೀರಿ. ಮನೆ ಕಟ್ಟಿಸಲು ಶುರು ಮಾಡಿದ ಮೇಲೆ ನಾನೂ ನನ್ನ ಹೆಂಡತಿ ನಂದಿತಾಳೂ ದಿನಕ್ಕೆ ಸರಾಸರಿ 3.4 ಸಲ ಜಗಳವಾಡುತ್ತಿದ್ದೆವು. ಅಡುಗೆಮನೆಯ ಸಿಂಕು ಎಡಕ್ಕೋ ಬಲಕ್ಕೋ ಎಂಬುದೊಂದಕ್ಕೇ ಆರು ಸಲ!

ಆದ್ದರಿಂದ ನಮ್ಮಿಬ್ಬರ ಫೋನಿಗೂ ಒಂದು ಫಾರಂ ಹಾಕಿದೆ. ದೂರನ್ನು ಅದರಲ್ಲಿ ಬರೆದು, ಸಿಟ್ಟಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡಬೇಕು. ಕಳಿಸಿದೊಡನೆ ಇನ್ನೊಬ್ಬರ ಫೋನು ಗಂಟೆ ಬಾರಿಸುತ್ತದೆ. ಸಿಟ್ಟು ಏಳು ದಾಟಿದರೆ ಕಳಿಸಿದವರು ಎರಡು ಗಂಟೆ ಸಂಪೂರ್ಣ ಮೌನ. ಬೇರೆಯವರ ಕೈಲೂ ಹೇಳಿಸುವಂತಿಲ್ಲ. ಏನಿದ್ದರೂ ಫಾರಂ!

"ಮನೆ ಹೊತ್ತಿ ಉರೀತಿದ್ರೂ ಫಾರಮ್ಮೇನಾ?" ಎಂದಳು ನಂದಿತಾ.

"ನಿಯಮ ಅಂದ್ರೆ ನಿಯಮ ಕಣೇ."

ಅವಳು ಕಳಲೆಯ ಶಾಲೆಯಲ್ಲಿ ಟೀಚರು. ನನ್ನ ಮೊದಲ ಫಾರಂ ಓದಿ, "ಉತ್ತರ ಅಪೂರ್ಣ. ಐದಕ್ಕೆ ಎರಡು" ಎಂದು ಮರಳಿಸಿದಳು. ಅದನ್ನು ನಾನು ಸಹಕಾರವೆಂದೇ ಭಾವಿಸಿದೆ.

ಹನ್ನೊಂದನೆಯ ದಿನ ತಲೆಬಾಗಿಲು ನಿಲ್ಲಿಸುವ ಪೂಜೆ. ಮುಹೂರ್ತ ಬೆಳಿಗ್ಗೆ ಏಳು ಹತ್ತರಿಂದ ಏಳು ನಲವತ್ತು. ತಪ್ಪಿದರೆ ಮುಂದಿನದು ಎರಡು ತಿಂಗಳ ಮೇಲೆ. ಅಲ್ಲಿಯವರೆಗೆ ಗೋಡೆ ಏಳುವಂತಿಲ್ಲ! ಹೊಸ್ತಿಲ ಕೆಳಗಿಡುವ ನವರತ್ನ, ಪಂಚಲೋಹದ ಪೊಟ್ಟಣವನ್ನು ಹೆಮ್ಮರಗಾಲದ ನನ್ನ ಮಾವ ಮಹಾದೇವಸ್ವಾಮಿಯವರು ಹಿಂದಿನ ಸಂಜೆಯೇ ತಂದು ನನ್ನ ಕೈಗಿತ್ತಿದ್ದರು. ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಬೆಳಿಗ್ಗೆ ಆರಕ್ಕೇ ನಂದಿತಾ ರಂಗೋಲಿ ಹಾಕಲು ಹೊಸ ಮನೆಯ ಜಾಗಕ್ಕೆ ಹೊರಟುಹೋದಳು. ಏಳಕ್ಕೆ ನಾನು ರೇಷ್ಮೆ ಪಂಚೆ ಉಟ್ಟು ಗತ್ತಿನಿಂದ ಹೋದೆ.

"ಪೊಟ್ಟಣ ಕೊಡ್ರಪ್ಪ," ಎಂದರು ಪೂಜೆಗೆ ಕೂತಿದ್ದ ಪುರೋಹಿತ ಮಹದೇವಯ್ಯನವರು.

"ನಂದಿತಾ ಹತ್ರ ಇದೆ," ಎಂದೆ, ನೂರಕ್ಕೆ ನೂರು ಖಚಿತವಾಗಿ.

ನಂದಿತಾ ಮಾತಾಡಲಿಲ್ಲ. ಫೋನನ್ನು ನನ್ನ ಮುಖದೆದುರು ಹಿಡಿದಳು. ಫೋಟೊ ಇರಬೇಕೆಂದು ನಾನು ಹಲ್ಲುಬಿಟ್ಟು ನಿಂತೆ.

"ಏನವ್ವಾ, ಗಂಟ್ಲು ಕಟ್ಕತಾ?" ಎಂದರು ಮಾವ. ಅದಕ್ಕೂ ಮೌನ!

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಮೇಸ್ತ್ರಿ ಕಾಂತರಾಜು ಕತ್ತು ಚಾಚಿ, ಬೀದಿಗೆಲ್ಲ ಕೇಳುವಂತೆ ಓದತೊಡಗಿದ. "ಸಾ, ಇಲ್ಲೇನೋ ಬರ್ದವ್ರೆ. 'ಆರು ಹದಿನೈದು. ಸಿಟ್ಟು ಒಂಬತ್ತು. ಪೊಟ್ಟಣ ನಿಮ್ಮ ಪ್ಯಾಂಟ್ ಜೇಬಿನಲ್ಲಿದೆ. ರಾತ್ರಿಯಿಂದ ನಾಲ್ಕು ಸಲ ಹೇಳಿದ್ದೇನೆ.' ಕೆಳ್ಗಡೆ ಇನ್ನೂ ಅದೆ. 'ಆರು ನಲವತ್ತು. ಸಿಟ್ಟು ಹತ್ತು. ಫೋನ್ ನೋಡಿ.' 'ಏಳು ಐದು. ಸಿಟ್ಟು ಹದ್ನಾಕು.' ಹತ್ತರ ಮ್ಯಾಕೂ ಓಗ್ಬೋದಾ, ಸಾ?"

ಹೋಗುವಂತಿರಲಿಲ್ಲ. ಫಾರಂನ ಆ ದೋಷವನ್ನು ನಾನು ಪರೀಕ್ಷಿಸಿರಲಿಲ್ಲ.

ನನ್ನ ಫೋನೆಲ್ಲಿ? ಪ್ಯಾಂಟಿನ ಇನ್ನೊಂದು ಜೇಬಿನಲ್ಲಿ! ಪ್ಯಾಂಟೆಲ್ಲಿ? ಬಾಡಿಗೆ ಮನೆಯ ಬಚ್ಚಲಿನಲ್ಲಿ! ನಲ್ಲಿಯ ಸದ್ದಿಗೆ ಫೋನಿನ ಗಂಟೆ ಕೇಳಿಸಿರಲಿಲ್ಲ. ಪಂಚೆಗೆ ಜೇಬಿಲ್ಲವೆಂಬ ಸನಾತನ ಸತ್ಯ ಈ ವಿಜ್ಞಾನ ಪದವೀಧರನಿಗೆ ಏಳು ಹದಿನೆಂಟಕ್ಕೆ ಹೊಳೆಯಿತು.

"ಎರಡು ಗಂಟೆ ಮಾತಾಡೋ ಹಾಗಿಲ್ಲ... ನಾನೇ ಮಾಡಿದ ನಿಯಮ," ಎಂದು ಗೊಣಗುತ್ತ ಸ್ಕೂಟರ್ ಹತ್ತಿದೆ. ಮಾವ ಓಡಿಬಂದು ಕಿವಿಯಲ್ಲಿ, "ಅಳಿಯಂದ್ರೇ, ಅದ ನಿಮ್ಮತ್ತೆ ಫೋನ್ಗೂ ಹಾಕ್ಕೊಡಾಕಾಯ್ತದಾ?" ಎಂದರು. ಹಿಂದೆ ಅತ್ತೆ ಕೆಮ್ಮಿದರು. ಮಾವ ಮಾಯವಾದರು.

ಬಚ್ಚಲಲ್ಲಿ ಪೊಟ್ಟಣ ಸಿಕ್ಕಿದ ಕ್ಷಣಕ್ಕೇ ಫೋನು ಗಂಟೆ ಬಾರಿಸಿತು. 'ಏಳು ಇಪ್ಪತ್ತೊಂಬತ್ತು. ಸಿಟ್ಟು ಇಪ್ಪತ್ತು. ಗಾಡಿ ನಿಧಾನವಾಗಿ ಓಡಿಸಿ.'

ಏಳು ಮೂವತ್ತಾರಕ್ಕೆ ವಾಪಸಾದೆ. ಪುರೋಹಿತರು ಮಂತ್ರದ ವೇಗ ಹೆಚ್ಚಿಸಿದರು. ಪೊಟ್ಟಣ ಇಟ್ಟಿದ್ದಾಯಿತು. ನಾಲ್ವರು ಚೌಕಟ್ಟನ್ನು ಎತ್ತಿದರು. ಪೊಟ್ಟಣ ಅರ್ಧ ಇಂಚು ಎಡಕ್ಕಿದೆಯೆಂದು ನನಗೆ ಕಂಡಿತು. ಬಗ್ಗಿ, ಸರಿಪಡಿಸಲು ಕೈ ಹಾಕಿದೆ. ಚೌಕಟ್ಟು ಇಳಿಯುತ್ತಿತ್ತು.

"ರೀ! ಕೈ! ಕೈ ತೆಗೀರಿ!"

ನಂದಿತಾಳ ಆ ಕೂಗು ಕಪಿಲಾ ನದಿಯ ಆಚೆ ದಡಕ್ಕೂ ಕೇಳಿರಬೇಕು! ಕೈ ಎಳೆದುಕೊಂಡೆ. ಚೌಕಟ್ಟು ದಪ್ಪನೆ ಕೂತಿತು. ಏಳು ಮೂವತ್ತೆಂಟು. ಎಲ್ಲರೂ ಉಸಿರು ಬಿಟ್ಟರು. ನಂದಿತಾ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು. ಹತ್ತೂ ಇದ್ದವು.

ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ. ಆದರೂ ಅಭ್ಯಾಸಬಲ ನೋಡಿ, ಬಾಯಿಂದ ಹೊರಟದ್ದು, "ಇನ್ನೂ ಒಂದು ಗಂಟೆ ಐವತ್ತೊಂದು ನಿಮಿಷ ಮೌನ ಬಾಕಿ ಇತ್ತಲ್ಲೇ?"

ನಂದಿತಾ ನನ್ನ ಕೈಗೆ ಫೋನಿಟ್ಟಳು.

"ಅದ್ಕೇ ಕಣ್ರೀ ಬಾಯಿಬಿಟ್ಟಿದ್ದು. ಬೆರಳು ಹೋಗಿದ್ರೆ ಇವತ್ತಿನ ತಪ್ಪಿಗೆಲ್ಲ ಫಾರಂ ಯಾರು ತುಂಬ್ತಿದ್ರು? ಕೂತ್ಕೊಳಿ, ಬರೀರಿ!"