ದಿನಕ್ಕೆ ಅರ್ಧ ಡಿಗ್ರಿ

ಎಲ್ಲ ಎಡವಟ್ಟಿಗೂ ಮೂಲ ಒಂದೇ ಒಂದು ‘ನಾನು’.

ದೂರದರ್ಶಕ ಕೇಂದ್ರದ ಆ ಅಳತೆಗಾರನನ್ನು ಆಫೀಸಿನಲ್ಲಿ ಎಲ್ಲರೂ ಮೋಡಪ್ಪ ಎನ್ನುತ್ತಿದ್ದರು. ಗುರುಗ್ರಹದ ಫೋಟೋಗಳಲ್ಲಿ ಒಂದು ಬಿಳಿ ಬಿರುಗಾಳಿ ದಿನಕ್ಕೆಷ್ಟು ಸರಿಯಿತು ಎಂದು ಅಳೆಯುವುದು ಅವನ ಕೆಲಸ. ಪಕ್ಕದ ಮೋಡಪಟ್ಟಿಯ ಕೆಂಪು ಬಿರುಗಾಳಿಯನ್ನು ಅಳೆಯುವಾಕೆ ಐನೂರು ಮೈಲಿ ಆಚೆಯ ಇನ್ನೊಂದು ಕೇಂದ್ರದಲ್ಲಿದ್ದಳು. ಇಬ್ಬರೂ ಮುಖ ನೋಡಿದವರಲ್ಲ. ದಿನಾ ಬೆಳಿಗ್ಗೆ ಫೋನಿನಲ್ಲಿ ಲೆಕ್ಕ ತಾಳೆ ನೋಡುತ್ತಿದ್ದರು. ‘ಬಿಳಿ ಬಿರುಗಾಳಿ’, ‘ಕೆಂಪು ಬಿರುಗಾಳಿ’ ಎಂದು ಹೇಳಿ ಹೇಳಿ ನಾಲಿಗೆ ಸೋತು, ಆರು ವರ್ಷದ ಹಿಂದೆಯೇ ತಂತಮ್ಮ ಬಿರುಗಾಳಿ ‘ನಾನು’, ಆಚೆಯವರದು ‘ನೀವು’ ಆಗಿಬಿಟ್ಟಿದ್ದವು.

“ನಾನೆಲ್ಲಿದ್ದೀನಿ ಇವತ್ತು?” ಎಂದು ಅವಳು ಕೇಳುವಳು.

“ನನಗಿಂತ ನಾಲ್ಕು ಡಿಗ್ರಿ ಮುಂದೆ. ಸ್ವಲ್ಪ ಸೊರಗಿದ್ದೀರಿ,” ಎನ್ನುವನು ಇವನು.

ಆ ಗ್ರಹದಲ್ಲಿ ಕಾಲೂರಲು ನೆಲವೇ ಇಲ್ಲ. ಒಂದು ಪಟ್ಟಿಯ ಗಾಳಿ ಆ ಕಡೆ ತಳ್ಳಿದರೆ ಪಕ್ಕದ್ದು ಈ ಕಡೆ ತಳ್ಳುತ್ತದೆ. ಬಿರುಗಾಳಿಗಳು ವರ್ಷಗಟ್ಟಲೆ ತೇಲಿ, ಎಂದೋ ಒಮ್ಮೆ ಅಕ್ಕಪಕ್ಕ ಬಂದು, ಹಾಗೇ ದಾಟಿ ಹೋಗುತ್ತವೆ. ಅದನ್ನು ನೋಡಿದಾಗಲೆಲ್ಲ ಮೋಡಪ್ಪನಿಗೆ ತಮ್ಮಿಬ್ಬರ ಪಾಡೂ ಇದೇ ಎನಿಸುತ್ತಿತ್ತು. ಅವಳನ್ನು ಒಮ್ಮೆ ಎದುರಿಗೆ ಕಂಡು ಮಾತಾಡಬೇಕೆಂದು ಜೀವ ಹಂಬಲಿಸುತ್ತಿತ್ತು. ಬಾಯಿ ಬಿಡಲು ಮಾತ್ರ ಧೈರ್ಯ ಸಾಲದು, ಪಾಪ.

ಆ ಗುರುವಾರ ಅದೇ ಗುಂಗಿನಲ್ಲಿ, ಅವಳೊಬ್ಬಳಿಗೆ ಕಳಿಸಬೇಕಾದ ವರದಿಯನ್ನು ಎರಡೂ ಕೇಂದ್ರದ ಸಮಸ್ತರಿಗೂ ಕಳಿಸಿಬಿಟ್ಟ: “ನಾನು ನಿಮ್ಮ ಕಡೆಗೆ ದಿನಕ್ಕೆ ಅರ್ಧ ಡಿಗ್ರಿ ಸರಿಯುತ್ತಿದ್ದೇನೆ. ಬೇಗನೆ ಜೊತೆಯಾಗುತ್ತೇವೆ. ನೀವು ನನ್ನನ್ನು ನುಂಗುವ ಸಾಧ್ಯತೆಯೂ ಇದೆ.”

ಮೊದಲು ಓಡಿ ಬಂದವರು ಹೆಡ್ ಕ್ಲರ್ಕ್. “ಕಳ್ಳ! ಒಂದು ಮಾತು ಹೇಳಲಿಲ್ವಲ್ಲೋ! ನುಂಗ್ತಾರೆ ಅಂತ ಹೆದರಬೇಡ ಕಣಯ್ಯಾ, ಮದುವೆ ಅಂದ್ರೆ ಅದೇ.”

“ಸಾರ್, ಅದು ಬಿರುಗಾಳಿ...”

“ಎಲ್ಲರ ಮನೇಲೂ ಅದೇ ಬಿಡು!”

ಹಿಂದೆಯೇ ಬಂದ ಟೈಪಿಸ್ಟ್ ಅಕ್ಕ ಕಣ್ಣರಳಿಸಿ ಕೇಳಿದಳು: “ನೋಡೋಕೆ ಹೇಗಿದ್ದಾರೋ?”

ಗಾಬರಿಯಲ್ಲಿ ಮೋಡಪ್ಪನ ಬಾಯಿಂದ ತನಗೆ ತಿಳಿದದ್ದೇ ಬಂತು. “ಕೆಂಪಗೆ, ದುಂಡಗೆ. ಅಗಲ ಹದಿನಾರು ಸಾವಿರ ಕಿಲೋಮೀಟರ್.”

ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕರೇ ಕರೆಸಿದರು. “ನಾನೊಂದೂರು, ನನ್ನ ಹೆಂಡತಿ ಒಂದೂರು ಅಂತ ಹನ್ನೊಂದು ವರ್ಷ ಕಳೆದ್ವಿ. ನಿನಗೆ ಆ ಪಾಡು ಬೇಡಪ್ಪಾ. ಸೋಮವಾರದಿಂದ ಆ ಕೇಂದ್ರಕ್ಕೆ ವರ್ಗ. ಸಹಿ ಹಾಕು.”

ನಿಜ ಹೇಳಲು ಬಾಯಿ ತೆರೆದ ಮೋಡಪ್ಪ ಹಾಗೇ ಮುಚ್ಚಿಕೊಂಡ. ಆರು ವರ್ಷದ ಆಸೆ ಎದುರಿಗೆ ಕಾಗದವಾಗಿ ಕೂತಿತ್ತು. ಪೆನ್ನು ತೆಗೆದು ಸಹಿ ಹಾಕಿದ.

ಮೇಜಿಗೆ ಮರಳುವಷ್ಟರಲ್ಲಿ ಫೋನು. ಅವಳೇ.

“ಆ ವರದಿ ಬಿರುಗಾಳಿದೇ ತಾನೆ?”

“ಹೌದು... ಅಲ್ಲ. ನಂದೇ.”

ಆ ಕಡೆಯಿಂದ ನಗು. “ಅಬ್ಬಾ! ಇಷ್ಟು ಹೇಳೋಕೆ ಆರು ವರ್ಷ ಬೇಕಾಯ್ತಾ ನಿಮಗೆ? ಹಾಗಾದ್ರೆ ನಾನು ಸಹಿ ಹಾಕಿದ್ದು ಒಳ್ಳೇದೇ ಆಯ್ತು.”

“ಯಾವುದಕ್ಕೆ?”

“ವರ್ಗಕ್ಕೆ! ನಿಮ್ಮ ಹೆಡ್ ಕ್ಲರ್ಕ್ ಫೋನ್ ಮಾಡಿ, ಇಲ್ಲೊಂದು ಕುರ್ಚಿ ಖಾಲಿ ಆಗ್ತಿದೆ, ಬರ್ತೀರಾ ಅಂದ್ರು. ಯಾರದ್ದು ಅಂತ ಕೇಳೋಕೂ ಹೋಗಲಿಲ್ಲ ನಾನು.”

ಮೋಡಪ್ಪ ಬಾಗಿಲ ಕಡೆ ತಿರುಗಿದ. ಹೆಡ್ ಕ್ಲರ್ಕ್ ಬೀಗುತ್ತಾ ನಿಂತಿದ್ದರು. “ನೀನು ಹೋದ್ರೆ ಅಲ್ಲಿ ಇಬ್ಬರಾಗ್ತೀರಿ, ಇಲ್ಲಿ ಅಳೆಯೋಕೆ ಯಾರೂ ಇರಲ್ಲ. ಅದಕ್ಕೇ ಅವರನ್ನ ಇಲ್ಲಿಗೆ ಹಾಕ್ಸಿ ಸರಿಮಾಡ್ದೆ ಕಣಯ್ಯಾ. ಇನ್ನು ಮೂರು ವರ್ಷ ಯಾರೂ ನಿಮ್ಮನ್ನ ಅಲುಗಾಡಿಸೋ ಹಾಗಿಲ್ಲ!”

“ಹಲೋ? ಕೇಳಿಸ್ತಿದ್ಯಾ?” ಫೋನಿನೊಳಗೆ ಅವಳ ದನಿ ಸಂತೋಷದಿಂದ ತೊದಲುತ್ತಿತ್ತು. “ಸೋಮವಾರ ಬೆಳಿಗ್ಗೆ ಸ್ಟೇಷನ್ನಿಗೆ ಬರ್ತೀರಿ ತಾನೆ?”

ಅವಳ ಊರಿಗೆ ಅವನು ಹಿಡಿಯಬೇಕಾದ ರೈಲು ಭಾನುವಾರ ಸಂಜೆಯದಾಗಿತ್ತು.