ಪಾಯದ ಗುಂಡಿಯ ದಡದಲ್ಲಿ ನಡೆದ ಶಬ್ದಸಂಗ್ರಾಮ

ಕೇಳಿ, ಸಹೃದಯರೇ. ಸಿಮೆಂಟು ತುಟ್ಟಿಯಾಗಿ ಇಂಗ್ಲಿಷು ಅಗ್ಗವಾದ ಈ ಕಲಿಯುಗದಲ್ಲಿ, ಗದಗಿನ ಹೊಸ ಬಡಾವಣೆಯೊಂದರ ಮೂಲೆಯ ಸೈಟಿನಲ್ಲಿ, ವ್ಯಾಕರಣವನಕಂಠೀರವನೂ ದೋಷಕುಲಾಂತಕನೂ ರಕ್ತಮಸೀಖಡ್ಗಧರನೂ ಆದ ವೀರಭದ್ರಪ್ಪ ಹೊಂಬಳನೆಂಬ ನಿವೃತ್ತ ಇಂಗ್ಲಿಷ್ ಮಾಸ್ತರನು ವಿರಾಜಿಸುತ್ತಿದ್ದನು. ಆತನ ಕೀರ್ತಿಯನ್ನು ಹಾಡಲು ಯಾವ ಕವಿಯೂ ಮುಂದೆ ಬಾರದ್ದರಿಂದ ಆ ಕೆಲಸವನ್ನೂ ಆತನೇ, ಅಂದರೆ ನಾನೇ, ವಹಿಸಿಕೊಂಡಿದ್ದೇನೆ.

ಅಂದು ಆತನ ಹೊಸ ಮನೆಯ ಪಾಯಪೂಜೆ. ಗೋಡೆಗೆ ಕೂರಿಸುವ ಕರಿಕಲ್ಲಿನ ಫಲಕದ ಮೇಲೆ ‘ಫೌಂಡೇಷನ್’ ಎಂಬ ಸವಕಲು ಶಬ್ದವನ್ನು ಬಿಟ್ಟು ‘ಸಬ್‌ಸ್ಟ್ರಕ್ಷನ್’ ಎಂದು ಕೆತ್ತಿಸಲು ಆ ಧೀರನು ಸಂಕಲ್ಪಿಸಿದ್ದನು. ಊರಿನ ಮಕ್ಕಳಿಗೆಲ್ಲ ಪಾಠ ಹೇಳಿದವನನ್ನು ಸ್ವಂತ ಮನೆಯಲ್ಲಿ ಯಾರೂ ಒಂದು ಶಬ್ದದ ಅರ್ಥವನ್ನೂ ಕೇಳಿರಲಿಲ್ಲ. ಕಲ್ಲಿನ ಮೇಲಾದರೂ ಒಂದು ಉಳಿಯಲಿ ಎಂಬ ಆಸೆ ಆತನಿಗಿತ್ತು. ಈ ಗಾಥೆಯಲ್ಲಿ ಬಣ್ಣ ಕಟ್ಟದೆ ಹೇಳಿದ ಮಾತು ಇದೊಂದೇ.

ಆಗ ಪ್ರವೇಶಿಸಿದನು ಪ್ರತಿವೀರ, ನಮ್ಮ ವೀರನು ಪಾಠ ಹೇಳಿದ ಶಾಲೆಯ ಇನ್ನೊಬ್ಬ ಇಂಗ್ಲಿಷ್ ಮಾಸ್ತರ ಮುಳಗುಂದ. ಫಲಕಕ್ಕೆಂದು ಬರೆದಿಟ್ಟ ಚೀಟಿಯನ್ನು ಓದಿ ನಕ್ಕನು.

“ಹೊಂಬಳ ಸರ, ಈ ಶಬ್ದ ಯಾರೂ ಬಳಸಂಗಿಲ್ರಿ. ಫೌಂಡೇಷನ್ ಅಂತನ ಕೆತ್ತಸ್ರಿ.”

“ಎಲೈ ಶಬ್ದದರಿದ್ರನೇ, ನಿಲ್ಲು” ಎಂದು ಗರ್ಜಿಸಲು ನಮ್ಮ ವೀರನು ಬಾಯಿ ತೆರೆದನು. ಹೊರಬಂದದ್ದು ಮಾತ್ರ ಹೀಗೆ: “ಹಂಗಲ್ರಿ ಸರ. ಸಬ್ ಅಂದ್ರ ಕೆಳಗ, ಉಳಿದದ್ದು ಲ್ಯಾಟಿನ್ನಿನ್ಯಾಗ ಕಟ್ಟೂದು. ಕೆಳಗ ಕಟ್ಟಿದ್ದು, ಅಂದ್ರ ಪಾಯ. ಮನಿಗೂ ಬರ್ತದ, ವಾದದ ಆಧಾರಕ್ಕೂ ಬರ್ತದ.”

“ಕೋಟೆಗೆ, ಸೇತುವೆಗೆ ಕೆಳಗ ಭಾರೀ ಕಟ್ಟಿರ್ತಾರಲ್ಲ, ಅದಕ್ಕ ಹಂಗಂತಾರ್ರಿ. ನಿಮ್ಮ ಎರಡು ಖೋಲಿ ಮನಿಗೆ ಯಾಕ?”

ಎರಡೇ ಕೋಣೆ ಎಂಬ ಮಾತು ಮರ್ಮಕ್ಕೆ ತಾಗಿತು. ಶತ್ರುವಿನ ಆಗಮನವನ್ನು ಮೊದಲೇ ಊಹಿಸಿದ್ದ ವೀರನು ತನ್ನ ಬ್ರಹ್ಮಾಸ್ತ್ರವಾದ ದಪ್ಪ ಡಿಕ್ಷನರಿಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ತಂದಿದ್ದನು. ಅದನ್ನು ಬಿಚ್ಚಿ ತೋರಿಸಿದ್ದರೆ ಯುದ್ಧ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರತಿಜ್ಞೆ ಮಾಡದೆ ಅಸ್ತ್ರ ಬಿಡುವುದುಂಟೇ? ಎರಡೂ ಕೈ ಎತ್ತದೆ ಈತನಿಗೆ ಮಾತು ಬರುವುದಿಲ್ಲವಾದ್ದರಿಂದ ಗ್ರಂಥವನ್ನು ಪಕ್ಕದಲ್ಲಿದ್ದ ಪರಾತದಲ್ಲಿ, ಅಂದರೆ ಪೂಜಾಸಾಮಗ್ರಿಯ ಅಗಲ ತಟ್ಟೆಯಲ್ಲಿ, ಇಟ್ಟನು.

“ಮನಿ ಪಾಯ ಅನ್ನೂ ಅರ್ಥ ಇದರಾಗ ಇರಲಿಲ್ಲಂದ್ರ, ಇವತ್ತಿಂದ ನಾ ಇಂಗ್ಲಿಷ್ ಮಾತಾಡಂಗಿಲ್ಲ.”

“ಇತ್ತಂದ್ರ ನಾ ಮಾತಾಡಂಗಿಲ್ಲ” ಎಂದು ಮುಳಗುಂದನೂ ತೋಳೇರಿಸಿದನು.

ಹೀಗೆ ಉಭಯ ವೀರರೂ ಲ್ಯಾಟಿನ್ ಧಾತುಗಳನ್ನು ಪರಸ್ಪರ ಎಸೆಯುತ್ತ ದಿಕ್ಕುಗಳನ್ನು ನಡುಗಿಸುತ್ತಿರಲು, ಮುಹೂರ್ತ ಮೀರುತ್ತದೆಂದು ಪೂಜೆಯ ಅಯ್ಯನವರು ನನ್ನ ಹೆಂಡತಿ ನೀಲಗಂಗಾಳಿಗೆ ಸನ್ನೆ ಮಾಡಿದರು. ಅವಳು ಕಣ್ಣು ಮುಚ್ಚಿ ಕೈ ಮುಗಿದು, ಪರಾತದಲ್ಲಿದ್ದ ಅರಿಸಿನ, ನವಧಾನ್ಯ, ತಾಮ್ರದ ಬಿಲ್ಲೆ, ಕೆಂಪು ಗಂಟು ಎಲ್ಲವನ್ನೂ ಗುಂಡಿಗೆ ಸುರಿದಳು. ಗಾರೆ ಕೆಲಸದ ಗೌಂಡಿ ಅದರ ಮೇಲೆ ಕಾಂಕ್ರೀಟು ಹಾಕಿದನು.

ನಾನು ತಿರುಗಿ ನೋಡುವಷ್ಟರಲ್ಲಿ ಪರಾತ ಖಾಲಿಯಾಗಿತ್ತು. ಗುಂಡಿಗೆ ಇಳಿಯಲು ಹೋದೆ.

“ಪರಾತಕ್ಕ ಬಂದದ್ದು ಭೂಮಿತಾಯಿದು” ಎಂದು ಅಯ್ಯನವರು ತಡೆದರು. “ತಗದ್ರ ಮನಿಗೆ ಒಳ್ಳೇದಲ್ರಿ.”

ನನಗೆ ಅಳುವೇ ಬಂತು. ನೀಲಗಂಗಾ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಲ್ರಿ, ಆ ಶಬ್ದಕ್ಕ ಅರ್ಥ ಏನು?”

“ಪಾಯ” ಅಂದೆ.

“ಹಂಗಿದ್ರ ಸರಿಯಾದ ಕಡೆನ ಹೋತು ಬಿಡ್ರಿ. ಉಪ್ಪಿಟ್ಟು ಆರತದ, ಇಬ್ರೂ ಕೈ ತೊಳ್ಕೊಂಡು ಬರ್ರಿ.”

ಗೆದ್ದವರು ಯಾರೆಂದು ಇನ್ನೂ ತೀರ್ಮಾನವಾಗಿಲ್ಲ. ಮುಳಗುಂದರ ಮನೆಯಲ್ಲಿ ಇನ್ನೊಂದು ಡಿಕ್ಷನರಿ ಇದೆ, ತೆಗೆದು ನೋಡಲು ಇಬ್ಬರಿಗೂ ಧೈರ್ಯವಿಲ್ಲ. ಫಲಕದ ಮೇಲೆ ಮನೆ ನಂಬರು ಕೆತ್ತಿಸಿದೆವು.